ಚಾಸಿಯ ಹೊಟ್ಟೆಯೊಳಗಿನ ಮಳೆಗಾಲ

ಓಡುತ್ತಿದ್ದ ಹಾಗೇ ಕಾರು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಇಂಗ್ಲೆಂಡಿನ ನಾರಿಚ್‌ನಲ್ಲಿ ನಾನಿದ್ದ ದಿನಗಳಲ್ಲಿ ಪಕ್ಕದ ಮನೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರ ಬಳಿ 1965ರ ಲೋಟಸ್ ಎಲಾನ್ ಇತ್ತು. ಎಲಾನ್‌ನ ಹೆಡ್‌ಲೈಟುಗಳು ಹಗಲೆಲ್ಲ ಮೂತಿಯಲ್ಲಿ ಹುದುಗಿ ಮಲಗಿರುತ್ತವೆ, ಕತ್ತಲಾದಾಗ ಗುಂಡಿ ಎಳೆದರೆ ಎದ್ದು ನಿಲ್ಲುತ್ತವೆ. ಅವನ್ನು ಎಬ್ಬಿಸುವುದು ಮೋಟಾರಲ್ಲ, ನಿರ್ವಾತ. ಎಂಜಿನ್ ಗಾಳಿ ಹೀರುವಾಗ ಹುಟ್ಟುವ ಆ ನಿರ್ವಾತವನ್ನು ಕೂಡಿಡಲು ಒಂದು ತೊಟ್ಟಿ ಬೇಕು. ಅದಕ್ಕೆಂದೇ ಬೇರೆ ಡಬ್ಬ ಹೊರಿಸುವ ಬದಲು ಲೋಟಸ್‌ನವರು ಚಾಸಿಯ ಮುಂದಿನ ಅಡ್ಡತೊಲೆಯನ್ನೇ ತೊಟ್ಟಿಯಾಗಿಸಿದರು. ಟೊಳ್ಳು ಹೇಗೂ ಇದೆಯಲ್ಲ!

ಮೇಷ್ಟ್ರು ಆಕ್ಸಿಲರೇಟರನ್ನು ಜೋರಾಗಿ ಒತ್ತಿದಾಗಲೆಲ್ಲ ದೀಪಗಳು ನಿದ್ದೆಗಣ್ಣಿನ ಮಗುವಿನ ರೆಪ್ಪೆಯಂತೆ ಮೆಲ್ಲಗೆ ಇಳಿಯುತ್ತಿದ್ದವು. ಆ ಗಳಿಗೆಯಲ್ಲಿ ಎಂಜಿನ್ನಿನಿಂದ ನಿರ್ವಾತ ಸಿಗುವುದಿಲ್ಲ, ತೊಟ್ಟಿಯೇ ಕೈ ಹಿಡಿಯಬೇಕು. ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿದ್ದಾಯಿತು, ರೋಗ ಮಾತ್ರ ಹೋಗಲಿಲ್ಲ. ಕೊನೆಗೊಂದು ಶನಿವಾರ ಅಡ್ಡತೊಲೆಯ ಬಾಯಿಗೆ ಸೈಕಲ್ ಪಂಪು ಸಿಕ್ಕಿಸಿ ಮೆಲ್ಲಗೆ ಗಾಳಿ ಹೊಡೆದೆವು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುತ್ತಾರಲ್ಲ, ಇಲ್ಲಿ ಚಾಸಿಯನ್ನು ಅದ್ದುವಂತಿರಲಿಲ್ಲ. ಹಾಗಾಗಿ ಬ್ರಷ್ಷಿನಲ್ಲಿ ಸೋಪಿನ ನೀರು ಬಳಿದೆವು. ತೊಲೆಯ ತಳದ ಬೆಸುಗೆಯುದ್ದಕ್ಕೂ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಹೊರಗಿನ ಬಣ್ಣ ಅಲ್ಲಿ ನೋಡಲು ಚೆನ್ನಾಗಿಯೇ ಇತ್ತು. ಸ್ಕ್ರೂಡ್ರೈವರಿನ ಮೊನೆ ಒತ್ತಿದರೆ ಹಪ್ಪಳದ ಹಾಗೆ ಮುರಿದು ಒಳಗಿಳಿಯಿತು. ತುಕ್ಕು ತಿಂದಿದ್ದು ಒಳಗಿನಿಂದ.

ಎಲಾನ್ ಕಾರಿಗೆ ತುಕ್ಕೇ ಹಿಡಿಯದು ಎಂದು ನಂಬಿದವರು ಬಹಳ ಜನ. ಕಣ್ಣಿಗೆ ಕಾಣುವ ಮೈಯೆಲ್ಲ ಫೈಬರ್‌ಗ್ಲಾಸ್ ಆದ್ದರಿಂದ ನಂಬಿಕೆ ಸಹಜವೇ. ಆದರೆ ಆ ಮೈಯಡಿ ಇರುವ ಬೆನ್ನೆಲುಬು ಉಕ್ಕಿನದು. ಕಾಲಿನ್ ಚಾಪ್‌ಮನ್ ಕಟ್ಟಿದ ಲೋಟಸ್ ಕಂಪನಿಯಲ್ಲಿ ರಾನ್ ಹಿಕ್‌ಮನ್ ಮುಂದಾಳುತನದಲ್ಲಿ ರೂಪುಗೊಂಡು 1962ರಲ್ಲಿ ಹೊರಬಂದ ಈ ಕಾರಿನ ಚಾಸಿ, ಎರಡೂ ತುದಿಯಲ್ಲಿ ಕವಲೊಡೆದ ಒಂದು ಟೊಳ್ಳು ಪೆಟ್ಟಿಗೆ. ಮುಂದಿನ ಕವಲಿನಲ್ಲಿ ಎಂಜಿನ್, ಹಿಂದಿನ ಕವಲಿನಲ್ಲಿ ಡಿಫರೆನ್ಷಿಯಲ್, ನಡುವಿನ ಟೊಳ್ಳಿನಲ್ಲಿ ಓಡುವ ಪ್ರೊಪೆಲರ್ ಶಾಫ್ಟ್. ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ತಗಡನ್ನು ಮಡಿಸಿ ಬೆಸೆದು ಮಾಡಿದ್ದು. ಮೊದಮೊದಲ ಎಲಾನ್‌ಗಳ ಇಡೀ ತೂಕವೇ 700 ಕಿಲೋಗ್ರಾಮಿಗಿಂತ ಕಡಿಮೆ. ಆ ಹಗುರತನವೇ ಅದರ ಚೆಲುವು. ಆದರೆ ದಪ್ಪ ಉಕ್ಕಿನ ಲಾರಿ ಚಾಸಿಯಲ್ಲಿ ಅರ್ಧ ಮಿಲಿಮೀಟರ್ ತುಕ್ಕಿಗೆ ಹೋದರೆ ಅದು ಗೀರು, ಇಲ್ಲಿ ಹೋದರೆ ಎಲುಬಿನ ಸವೆತ.

ತುಕ್ಕಿನ ವಿಚಾರದಲ್ಲಿ ನಮ್ಮ ತಿಳಿವಳಿಕೆ ಒಂದು ಕಡೆ ತಲೆಕೆಳಗಾಗಿದೆ. ಗಾಳಿ, ನೀರು ಎರಡೂ ಧಾರಾಳವಾಗಿ ತಗಲುವ ಕಡೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ ಎಂಬುದನ್ನು ಒಂದೇ ಒಂದು ಹನಿ ನೀರಿನಲ್ಲಿ ತೋರಿಸಿಕೊಟ್ಟವರು ವಿಜ್ಞಾನಿ ಯು. ಆರ್. ಇವಾನ್ಸ್. ನಾರಿಚ್‌ನಿಂದ ನೂರು ಕಿಲೋಮೀಟರ್ ಆಚೆಯ ಕೇಂಬ್ರಿಜ್‌ನಲ್ಲಿ, 1920ರ ದಶಕದಲ್ಲಿ. ಆ ಪ್ರಯೋಗವನ್ನು ಮೇಷ್ಟ್ರು ತಮ್ಮ ಅಡುಗೆಮನೆಯ ಮೇಜಿನ ಮೇಲೆ ನನಗೆ ಮಾಡಿ ತೋರಿಸಿದರು. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಉಕ್ಕಿನ ತುಂಡು. ಅದರ ಮೇಲೆ ಉಪ್ಪುನೀರಿನ ಒಂದು ದಪ್ಪ ಹನಿ. ಆ ನೀರಿನಲ್ಲಿ ಎರಡು ಬಗೆಯ ಪತ್ತೇದಾರರು ಕರಗಿದ್ದರು: ಕಬ್ಬಿಣ ಕರಗಿ ನೀರಿಗಿಳಿದ ಕಡೆ ನೀಲಿಯಾಗುವ ಪೊಟ್ಯಾಸಿಯಂ ಫೆರಿಸಯನೈಡ್, ಕ್ಷಾರ ಹುಟ್ಟಿದ ಕಡೆ ಗುಲಾಬಿಯಾಗುವ ಫಿನಾಲ್ಫ್ಥಲೀನ್. ಮೊದಲಿಗೆ ಹನಿಯ ತುಂಬ ನೀಲಿ, ಗುಲಾಬಿ ಚುಕ್ಕೆಗಳು ಕಲಸಿಕೊಂಡು ಕಂಡವು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವು ತಮ್ಮ ತಮ್ಮ ಜಾಗ ಹಿಡಿದವು. ನಡುವೆ ನೀಲಿ, ಅಂಚಿನ ಸುತ್ತ ಗುಲಾಬಿ ಉಂಗುರ, ಎರಡರ ಗಡಿಯಲ್ಲಿ ನಿಧಾನಕ್ಕೆ ಕಟ್ಟತೊಡಗಿದ ಕಂದು ಬಳೆ.

ಹನಿಯ ಅಂಚಿನಲ್ಲಿ ನೀರು ತೆಳು, ಅಲ್ಲಿಗೆ ಗಾಳಿಯ ಆಮ್ಲಜನಕ ಬೇಗ ತಲುಪುತ್ತದೆ. ನಡುವೆ ನೀರು ಆಳ, ಅಲ್ಲಿದ್ದ ಆಮ್ಲಜನಕ ಖರ್ಚಾದರೆ ಮತ್ತೆ ಬರುವುದು ತಡ. ಆಮ್ಲಜನಕ ಸಿಗದ ನಡುಭಾಗದಲ್ಲಿ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿಗೆ ಹೋಗಿ, ಅಲ್ಲಿ ಆಮ್ಲಜನಕ ಮತ್ತು ನೀರಿನೊಡನೆ ಕೂಡಿ ಕ್ಷಾರವಾಗುತ್ತವೆ. ಕರಗಿದ ಕಬ್ಬಿಣ, ಕ್ಷಾರ ಎರಡೂ ದಾರಿಯಲ್ಲಿ ಸಂಧಿಸಿದ ಕಡೆ ತುಕ್ಕು. ಒಂದೇ ಹನಿಯಲ್ಲಿ ಒಂದು ಬ್ಯಾಟರಿ. ಗಾಳಿ ತಗಲುವ ಅಂಚು ಉಳಿಯುತ್ತದೆ, ಗಾಳಿ ಕಾಣದ ನಡು ಸವೆಯುತ್ತದೆ, ತುಕ್ಕಿನ ಪುಡಿ ಮಾತ್ರ ಇವೆರಡರ ನಡುವೆ ಇನ್ನೆಲ್ಲೋ ಕೂರುತ್ತದೆ.

ಕುಂದಾಪುರದ ನಮ್ಮ ಹಳೆಯ ಮನೆಯ ಕಿಟಕಿಗಳು ಆಗ ನೆನಪಾದವು. ಕಡಲಗಾಳಿ ನೇರವಾಗಿ ಬೀಸುವ ನಡುಸರಳು ಕಂದುಗಟ್ಟಿದ್ದರೂ ಗಟ್ಟಿಯಾಗಿಯೇ ಇರುತ್ತಿತ್ತು. ಅದೇ ಸರಳು ಮರದ ದಾರಂದದೊಳಗೆ ಇಳಿಯುವ ಬುಡದಲ್ಲಿ ಪೆನ್ಸಿಲ್ ಮೊನೆಯಷ್ಟು ಸಪೂರವಾಗಿ ಸವೆದಿರುತ್ತಿತ್ತು. ಕಾರಣ ಇವಾನ್ಸರ ಹನಿಯಲ್ಲಿತ್ತು. ಕಾರಿನ ಚಾಸಿಯಲ್ಲಿ ಇಂಥ ಬುಡಗಳು ನೂರಾರು: ಎರಡು ತಗಡು ಒಂದರ ಮೇಲೊಂದು ಕೂತ ಬೆಸುಗೆ, ಬೋಲ್ಟಿನ ಅಡಿ, ಕೆಸರು ಕೂತ ಮೂಲೆ. ಅಲ್ಲಿ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಗೋಡೆಯ ಬಿರುಕಿನಲ್ಲಿ ಬೇರಿಳಿಸಿದ ಅರಳಿ ಗಿಡದಂತೆ ತಗಡುಗಳನ್ನು ಬಿಡಿಸುತ್ತ, ಇನ್ನಷ್ಟು ನೀರಿಗೆ ಬಾಗಿಲು ತೆರೆಯುತ್ತ ಹೋಗುತ್ತದೆ.

ಇದಕ್ಕೆ ಉಪ್ಪು ಸೇರಿದರೆ? ಇಂಗ್ಲೆಂಡಿನ ಚಳಿಗಾಲದಲ್ಲಿ ಹಿಮಗಟ್ಟದಿರಲೆಂದು ರಸ್ತೆಗೆ ಸುರಿಯುವ ಕಂದು ಉಪ್ಪನ್ನು ಅಗೆಯುವ ಗಣಿಗಳಲ್ಲಿ ದೊಡ್ಡದು ಚೆಷೈರ್‌ನ ವಿನ್ಸ್‌ಫರ್ಡ್‌ನದು. 1844ರಲ್ಲಿ ತೆರೆದ ಆ ಗಣಿಯಲ್ಲಿರುವುದು ಸುಮಾರು 22 ಕೋಟಿ ವರ್ಷಗಳ ಹಿಂದೆ ಬತ್ತಿದ ಕಡಲಿನ ಉಪ್ಪು. ಉಪ್ಪು ನೀರಿನ ವಿದ್ಯುದ್ವಾಹಕತೆಯನ್ನು ಹೆಚ್ಚಿಸಿ ತುಕ್ಕಿನ ಬ್ಯಾಟರಿಗೆ ಬಲ ಕೊಡುತ್ತದೆ. ಅದಕ್ಕಿಂತ ಕೆಟ್ಟದ್ದು ಅದರ ಇನ್ನೊಂದು ಗುಣ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಆಷಾಢದಲ್ಲಿ ಉಪ್ಪಿನ ಭರಣಿಯೊಳಗೆ ನೀರಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾರಿಚ್ ಇರುವ ನಾರ್ಫೋಕ್‌ನ ಚಳಿಗಾಲದಲ್ಲಿ ತೇವಾಂಶ ಆ ಮಟ್ಟಕ್ಕಿಂತ ಕೆಳಗಿಳಿಯುವ ದಿನಗಳು ವಿರಳ. ಅಂದರೆ ನವೆಂಬರಿನಲ್ಲಿ ಒಮ್ಮೆ ಉಪ್ಪು ಹತ್ತಿದ ಚಾಸಿ, ಕಾರು ಗ್ಯಾರೇಜು ಬಿಟ್ಟು ಹೊರಡದಿದ್ದರೂ, ಮಾರ್ಚಿನವರೆಗೆ ಒದ್ದೆಯಾಗಿಯೇ ಇರುತ್ತದೆ.

ಹಾಗಾಗಿ ಮನೆಯಲ್ಲಿ ಮಾಡುವ ಕೆಲಸ ಬಣ್ಣದ ಡಬ್ಬಿಯಿಂದ ಶುರುವಾಗಬಾರದು, ತೋಟಕ್ಕೆ ನೀರು ಹಾಯಿಸುವ ಪೈಪಿನಿಂದ ಶುರುವಾಗಬೇಕು. ಕಾರನ್ನು ಜಾಕ್ ಏರಿಸಿದ ಮೇಲೆ ಗಟ್ಟಿ ನೆಲದ ಮೇಲೆ ನಾಲ್ಕು ಸ್ಟ್ಯಾಂಡುಗಳಿಗೆ ಇಳಿಸಿ, ಕೈಯಿಂದ ದೂಡಿ ಅಲುಗದೆಂದು ಖಾತ್ರಿ ಮಾಡಿಕೊಂಡೇ ಕೆಳಗೆ ನುಸುಳಬೇಕು. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಿದ ಒಂದು ಗಳಿಗೆಯೂ ಪ್ರಾಣಕ್ಕೆ ಕುತ್ತು. ಆಮೇಲೆ ಸಿಹಿನೀರು, ಕಡಿಮೆ ರಭಸ, ಧಾರಾಳ ಸಮಯ. ಪ್ರೆಷರ್ ವಾಷರಿನ ಚೂಪು ಧಾರೆ ಕೆಸರನ್ನು ಸಂದಿಯ ಇನ್ನೂ ಆಳಕ್ಕೆ ತಳ್ಳುವುದುಂಟು.

ಎಲಾನ್‌ನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮುಂದಿನ ಸಸ್ಪೆನ್ಷನ್ ಹೊತ್ತ ಎರಡು ಟೊಳ್ಳು ಕಂಬಗಳನ್ನು. ಒಳಗೆ ಇಳಿದ ನೀರು ಹೊರಹೋಗಲೆಂದು ಅವುಗಳ ಬುಡದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಚಕ್ರ ಎರಚುವ ಕೆಸರು ಅದನ್ನು ಮುಚ್ಚಿಬಿಟ್ಟರೆ ಕಂಬ ಬಾವಿಯಾಗುತ್ತದೆ. ಮೇಷ್ಟ್ರ ಕಾರಿನಲ್ಲಿ ಎಡಗಂಬದ ತೂತು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಹಳೆಯ ಸೈಕಲ್ ಚಕ್ರದ ಒಂದು ಕಡ್ಡಿಯನ್ನು ಬಾಗಿಸಿ ಐದು ನಿಮಿಷ ಕೆದಕಿದ ಮೇಲೆ ಟಪ್ಪೆಂದು ಗಂಟು ಬಿಚ್ಚಿತು. ಮೊದಲು ಕಾಫಿ ಡಿಕಾಕ್ಷನ್ನಿನಂಥ ನೀರು ಸುರಿಯಿತು, ಹಿಂದೆಯೇ ಈರುಳ್ಳಿ ಸಿಪ್ಪೆಯಂಥ ತುಕ್ಕಿನ ಹಕ್ಕಳೆ, ಒಂದು ಹಿಡಿಯಷ್ಟು. ಆ ಹಿಡಿಯನ್ನು ಮೇಷ್ಟ್ರು ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಅದು ಅವರ ಚಾಸಿಯೇ ಆಗಿತ್ತು.

ಇಲ್ಲೊಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕು ನೆಚ್ಚಿಕೊಂಡ ಜಾಗದಲ್ಲಿ ತಗಡು ತೆಳುವಾಗಿದ್ದರೆ ಅದನ್ನು ಯಾವ ಬಣ್ಣವೂ, ಯಾವ ಮೇಣವೂ ಗಟ್ಟಿ ಮಾಡಲಾರದು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಒಳ್ಳೆಯ ಉಕ್ಕು ಠಣ್ ಎನ್ನುತ್ತದೆ, ಸವೆದದ್ದು ತೆಂಗಿನ ಚಿಪ್ಪಿನಂತೆ ಬೊದ್ದು ಸದ್ದು ಮಾಡುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಇಂಥ ಆಧಾರಬಿಂದುಗಳ ಸುತ್ತಲಿನ 30 ಸೆಂಟಿಮೀಟರನ್ನು ವಿಶೇಷವಾಗಿ ನೋಡುತ್ತಾರೆ. ಆದರೆ ಹೆಚ್ಚು ಬದಲಾವಣೆ ಕಾಣದ, 40 ವರ್ಷ ದಾಟಿದ ಕಾರುಗಳಿಗೆ 2018ರಿಂದ ಆ ತಪಾಸಣೆ ಕಡ್ಡಾಯವಲ್ಲ. ನೋಡುವವರು ಬೇರೆ ಇಲ್ಲದ ಮೇಲೆ ಮಾಲೀಕನ ಸುತ್ತಿಗೆಯೇ ತಪಾಸಣೆ. ಎಲಾನ್‌ಗೆ ಕಲಾಯಿಯಂತೆ ಸತುವಿನ ಲೇಪ ಕೊಟ್ಟ ಹೊಸ ಚಾಸಿಗಳೂ ಸಿಗುತ್ತವೆ. ಹಳೆಯದು ಕೈಬಿಟ್ಟಿದ್ದರೆ ಅದನ್ನೇ ಹಾಕಿಸುವುದು ಲೇಸು, ಮೂಲ ಚಾಸಿಯ ಮೋಹ ಅಲ್ಲಿಗೆ ಬಿಡಬೇಕು. ಮೇಷ್ಟ್ರ ಕಾರಿನಲ್ಲಿ ಕಂಬಗಳು ಬದುಕಿದ್ದವು. ಅಡ್ಡತೊಲೆಯ ತಳವನ್ನು ಮಾತ್ರ ಪಳಗಿದ ವೆಲ್ಡರ್ ಒಬ್ಬರು ಕತ್ತರಿಸಿ ಹೊಸ ತಗಡು ಬೆಸೆದುಕೊಟ್ಟರು. ಉಳಿದ ಕೆಲಸವೆಲ್ಲ ಆ ಬೇಸಿಗೆಯಲ್ಲಿ ಮನೆಯಂಗಳದಲ್ಲೇ ನಡೆಯಿತು.

ಬಿಚ್ಚಬಹುದಾದ ತುಂಡುಗಳಿಗೆ ಬಕೆಟ್ಟಿನ ವಿದ್ಯೆ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಬ್ಯಾಟರಿ ಚಾರ್ಜರಿನ ಋಣತುದಿಗೆ ತುಕ್ಕು ಹಿಡಿದ ತುಂಡು, ಧನತುದಿಗೆ ಒಂದು ಬೇಡದ ಸಾದಾ ಕಬ್ಬಿಣದ ಪಟ್ಟಿ. ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಕಪ್ಪು ಮಸಿಯಾಗಿ ಸಡಿಲಿರುತ್ತದೆ, ಬ್ರಷ್ಷಿಗೆ ಉದುರುತ್ತದೆ. ಹೈಡ್ರೋಜನ್ ಹೊಮ್ಮುವುದರಿಂದ ಇದನ್ನು ಬಯಲಲ್ಲೇ ಮಾಡಬೇಕು. ಪಟ್ಟಿಯಾಗಿ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಬರುತ್ತದೆ. ಸ್ಪ್ರಿಂಗು, ಗಡಸು ಬೋಲ್ಟುಗಳನ್ನೂ ಈ ಬಕೆಟ್ಟಿಗೆ ಹಾಕಬಾರದು, ಹೈಡ್ರೋಜನ್ ಒಳಹೊಕ್ಕರೆ ಅವು ಪೆಡಸಾಗುತ್ತವೆ. ಮೇಷ್ಟ್ರು ಸಸ್ಪೆನ್ಷನ್ನಿನ ವಿಷ್‌ಬೋನ್‌ಗಳನ್ನು ಉಜ್ಜಿದ್ದು ವರ್ಕ್‌ಮೇಟ್ ಎಂಬ ಮಡಿಸುವ ಮೇಜಿನ ಮೇಲೆ. ಅದನ್ನು ಕಂಡುಹಿಡಿದವರೂ ಎಲಾನ್‌ನ ರಾನ್ ಹಿಕ್‌ಮನ್ನರೇ ಎಂದು ಅವರು ಹೇಳಿದಾಗ ಆ ಮೇಜಿನ ಮೇಲೂ ನನಗೆ ಗೌರವ ಹುಟ್ಟಿತು.

ಬಿಚ್ಚಲಾಗದ ಚಾಸಿಗೆ ತಂತಿಬ್ರಷ್ಷು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಸಡಿಲ ತುಕ್ಕು ಹೋದ ಮೇಲೂ ಗುಳಿಗಳಲ್ಲಿ ಉಳಿದದ್ದಕ್ಕೆ ತುಕ್ಕು ಪರಿವರ್ತಕ ಎಂಬ ದ್ರವ ಬಳಿಯುತ್ತಾರೆ. ಅದರಲ್ಲಿರುವುದು ಟ್ಯಾನಿಕ್ ಆಮ್ಲ, ಇಲ್ಲವೆ ಫಾಸ್ಫಾರಿಕ್ ಆಮ್ಲ, ಕೆಲವೊಮ್ಮೆ ಎರಡೂ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯ ಅಲಗು ಕಪ್ಪಾಗುತ್ತದಲ್ಲ, ಅದೇ ರಸಾಯನ. ಬಾಳೆಕಾಯಿಯ ಒಗರು ಟ್ಯಾನಿನ್ನಿನದು, ಅದು ಕಬ್ಬಿಣದೊಡನೆ ಕೂಡಿ ನೀರಿಗೆ ಕರಗದ ಕಪ್ಪು ಪದರವಾಗುತ್ತದೆ. ಹಿಂದಿನವರು ಬರೆಯಲು ಬಳಸುತ್ತಿದ್ದ ಒಂದು ಬಗೆಯ ಶಾಯಿಯೂ ಇದೇ. ಒಳ್ಳೆಯ ಮದ್ದು, ಆದರೆ ಮೇಲ್ಮೈಯ ತೆಳು ತುಕ್ಕಿಗೆ ಮಾತ್ರ. ಹಕ್ಕಳೆ ಹಕ್ಕಳೆಯಾದ ತುಕ್ಕಿನ ಮೇಲೆ ಬಳಿದರೆ ಕಪ್ಪು ಹೊದಿಕೆಯಡಿ ಉಪ್ಪು ಹಾಗೇ ಉಳಿದು ಕೆಲಸ ಮುಂದುವರಿಸುತ್ತದೆ.

ಸತುವಿನ ಕತೆ ಬೇರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರ ಒಳಗಿನ ಲೋಹವನ್ನು ಮುಚ್ಚುತ್ತದೆ, ಅಷ್ಟೆ. ತವರದ ಲೇಪವಿರುವ ತಗಡಿನ ಡಬ್ಬಿಯನ್ನು ಗೀರಿದರೆ ಗೀರಿನಲ್ಲಿ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಬಾವಿಕಟ್ಟೆಯ ಜಿಂಕ್ ಬಕೆಟ್ ಗೀರು ಬಿದ್ದರೂ ವರ್ಷಗಟ್ಟಲೆ ಬಾಳುತ್ತದೆ, ಯಾಕೆಂದರೆ ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ರಸಾಯನಶಾಸ್ತ್ರದ ಕೋಷ್ಟಕದಲ್ಲಿ ಸತುವಿನದು ಋಣ 0.76 ವೋಲ್ಟ್, ಕಬ್ಬಿಣದ್ದು ಋಣ 0.44. ಪಕ್ಕದಲ್ಲಿ ಸತುವಿದ್ದರೆ ಮೊದಲು ಕರಗುವುದು ಅದೇ. ಉಕ್ಕನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಮುಳುಗಿಸುವುದು ಮನೆಯ ಕೆಲಸವಲ್ಲ. ತೆಳು ತಗಡು ಸೊಟ್ಟಗಾಗಬಹುದು, ಮುಚ್ಚಿದ ಟೊಳ್ಳಿನ ತೇವ ಆವಿಯಾಗಿ ಸಿಡಿಯಬಹುದು. ಮನೆಯಲ್ಲಿ ಕೈಗೆಟಕುವುದು ಸತುವಿನ ಪುಡಿ ತುಂಬಿದ ಪ್ರೈಮರ್. ಒಣಗಿದ ಮೇಲೆ ಪದರದ ಬಹುಪಾಲು ಸತುವೇ ಇರಬೇಕು, ಕಣಕ್ಕೆ ಕಣ ತಾಗಿ ಉಕ್ಕಿನವರೆಗೆ ವಿದ್ಯುತ್ತಿನ ದಾರಿ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಮೊದಲು ಪರಿವರ್ತಕ ಬಳಿದು, ಆ ಕಪ್ಪು ಪದರದ ಮೇಲೆ ಸತುವಿನ ಪ್ರೈಮರ್ ಹಚ್ಚುತ್ತಾರೆ. ಉಕ್ಕನ್ನು ಮುಟ್ಟದ ಸತು ಬರೀ ಬೂದು ಬಣ್ಣ. ಬೆಳ್ಳಗೆ ಹೊಳೆಯುವಂತೆ ಉಜ್ಜಿದ ಕಡೆ ಸತು, ಗುಳಿಬಿದ್ದು ಕಪ್ಪಾದ ಕಡೆ ನೇರವಾಗಿ ಇಪಾಕ್ಸಿ ಬಣ್ಣ, ಕೊನೆಗೆ ಎಲ್ಲದರ ಮೇಲೂ ಇಪಾಕ್ಸಿ. ಚೂಪು ಅಂಚುಗಳಲ್ಲಿ ಹಸಿ ಬಣ್ಣ ತಾನಾಗಿಯೇ ಹಿಂದೆ ಸರಿದು ತೆಳುವಾಗುವುದರಿಂದ ಅಂಚುಗಳಿಗೆ ಬ್ರಷ್ಷಿನಲ್ಲಿ ಒಂದು ಕೈ ಮೊದಲೇ ಬಳಿದಿರಬೇಕು.

ಇಷ್ಟು ಹೊರಮೈಗೆ. ಒಳಹೊಟ್ಟೆಗೆ ಬಣ್ಣ ತಲುಪುವುದಿಲ್ಲ, ತಲುಪಿದರೂ ಧೂಳು ಹಿಡಿದ ತುಕ್ಕಿಗೆ ಅಂಟುವುದಿಲ್ಲ. ಅಲ್ಲಿಗೆ ಬೇಕಾದದ್ದು ಎಂದೂ ಪೂರ್ತಿ ಗಟ್ಟಿಯಾಗದ ಮೇಣ. ಬ್ರಿಟನ್ನಿನ ಹಳೆಯ ಕಾರುಗಳ ಲೋಕದಲ್ಲಿ ವ್ಯಾಕ್ಸಾಯಿಲ್, ಡಿನಿಟ್ರಾಲ್ ಎಂಬ ಹೆಸರುಗಳು ಮನೆಮಾತು. ಕುರಿಯುಣ್ಣೆಯ ಜಿಡ್ಡಿನಿಂದ ಮಾಡಿದವೂ ಇವೆ, ಮಳೆಯಲ್ಲಿ ಕಂಬಳಿ ಹೊದ್ದವರಿಗೆ ಆ ಜಿಡ್ಡಿನ ಗುಣ ಗೊತ್ತು. ಈ ಮೇಣ ತನ್ನ ದ್ರಾವಕದ ಜತೆ ಸೇರಿ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆಯೇ, ತಗಡಿನ ಸಂದಿಗಳಿಗೆ ತಾನಾಗಿ ಹರಿಯುತ್ತದೆ. ನೀರು ಎಲ್ಲೆಲ್ಲಿ ನುಸುಳಬಲ್ಲದೋ ಅಲ್ಲೆಲ್ಲ ಅದಕ್ಕಿಂತ ಮುಂಚೆ ಹೋಗಿ ಕೂರುತ್ತದೆ. ಆದರೆ ಒಳಗೆ ತೇವವಿದ್ದರೆ ಅದನ್ನೂ ಒಳಗೇ ಕೂಡಿಹಾಕುತ್ತದೆ. ಅದಕ್ಕೇ ನಾವು ತೊಳೆದ ಮೇಲೆ ಮೂರು ದಿನ ಫ್ಯಾನು ಹಾಕಿ ಟೊಳ್ಳಿನೊಳಗೆ ಗಾಳಿ ಆಡಿಸಿ, ಫೋನಿಗೆ ಸಿಕ್ಕಿಸುವ ಸಪೂರ ಕ್ಯಾಮೆರಾ ಇಳಿಸಿ ನೋಡಿಕೊಂಡು, ಬಿಸಿಲಿರುವ ಜುಲೈ ಬೆಳಗೊಂದನ್ನು ಆರಿಸಿಕೊಂಡೆವು. ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟರೆ ಮೇಣ ತೆಳುವಾಗುತ್ತದೆ. ದ್ರಾವಕಕ್ಕೆ ಬೆಂಕಿ ತಗುಲುವ ಭಯವಿರುವುದರಿಂದ ಒಲೆಯ ಮೇಲೆ ಇಡಲೇಬಾರದು. ವೆಲ್ಡಿಂಗ್ ಮುಗಿದಿರಬೇಕು, ಬಾಗಿಲು ತೆರೆದಿರಬೇಕು.

ಎಲ್ಲ ದಿಕ್ಕಿಗೂ ಚಿಮ್ಮುವ ಮೂತಿಯ ಉದ್ದ ಕೊಳವೆಯನ್ನು ಬೆನ್ನೆಲುಬಿನ ಆಚೆ ತುದಿವರೆಗೆ ತೂರಿಸಿ, ಸಿಂಪಡಿಸುತ್ತ ಮೆಲ್ಲಗೆ ಹಿಂದಕ್ಕೆಳೆಯುವುದು ಕ್ರಮ. ಬ್ರೇಕಿನ ಡಿಸ್ಕುಗಳನ್ನೂ, ಎಲಾನ್‌ನ ಹಿಂದಿನ ಆಕ್ಸಲುಗಳಲ್ಲಿರುವ ರೋಟೋಫ್ಲೆಕ್ಸ್ ರಬ್ಬರ್ ಬಳೆಗಳನ್ನೂ ಪ್ಲಾಸ್ಟಿಕ್ಕಿನಿಂದ ಕಟ್ಟಿ ಮುಚ್ಚಿದ್ದೆವು. ಮೇಣದ ದ್ರಾವಕ ರಬ್ಬರಿಗೆ ಶತ್ರು. ನಿರ್ವಾತದ ಅಡ್ಡತೊಲೆಗೆ ಮೊದಲಿಗೆ ಮೇಣ ಹಾಕಲಿಲ್ಲ, ಅದು ಕೊಳವೆಗಳಿಗೆ ಹೀರಿಕೊಂಡು ಹೋಗುತ್ತದೆಂಬ ಭಯಕ್ಕೆ. ಬದಲಿಗೆ ಪುಟ್ಟದೊಂದು ಬೇರೆ ತೊಟ್ಟಿಯನ್ನು ಕೂರಿಸಿ, ತೊಲೆಯನ್ನು ಆ ಕೆಲಸದಿಂದ ಬಿಡಿಸಿ, ಆಮೇಲೆ ಅದಕ್ಕೂ ಮೇಣ ಕುಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಬೆಸುಗೆಗಳ ಹೊರಗೆ ಜೇನಿನ ಬಣ್ಣದ ಸಣ್ಣ ಗೆರೆಗಳು ಒಸರಿ ಬಂದವು. ಒಳಗಿಂದ ಹೊರಟದ್ದು ತಗಡುಗಳ ನಡುವೆ ಹಾದು ಬಂದಿತ್ತು. ಅದನ್ನು ಕಂಡಾಗ ಆದ ಸಂತೋಷ ಹೊಸ ಬಣ್ಣದ ಹೊಳಪು ಕಂಡಾಗಲೂ ಆಗಿರಲಿಲ್ಲ.

ಹಳೆಯ ಗ್ಯಾರೇಜುಗಳಲ್ಲಿ ಚಾಸಿಗೆ ದಪ್ಪನಾಗಿ ಮೆತ್ತುತ್ತಿದ್ದ ಡಾಂಬರಿನಂಥ ಲೇಪದ ಬಗ್ಗೆ ನನಗೆ ಒಲವಿಲ್ಲ. ಮೊದಲ ಕೆಲವು ವರ್ಷ ಚೆನ್ನ. ಆಮೇಲೆ ಅದು ಗಡುಸಾಗಿ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ಉಪ್ಪುನೀರು ಲೇಪದಡಿ ಇವಾನ್ಸರ ಹನಿಯಂತೆ ಹರಡಿ ಕೂರುತ್ತದೆ, ಮೇಲೆ ನೋಡಿದರೆ ಎಲ್ಲವೂ ಕಪ್ಪಗೆ ಕ್ಷೇಮ. ಬ್ಯಾಟರಿಗೆ ಜೋಡಿಸಿದರೆ ತುಕ್ಕು ತಡೆಯುತ್ತದೆಂದು ಮಾರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೂ ದುಡ್ಡು ಸುರಿಯಬೇಡಿ. ಲೋಹಕ್ಕೆ ಎಲೆಕ್ಟ್ರಾನ್ ಒದಗಿಸಿ ಅದು ಕರಗದಂತೆ ಕಾಯುವ, ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ 1824ರಲ್ಲಿ ತೋರಿಸಿಕೊಟ್ಟ ತತ್ತ್ವ ಹಡಗಿಗೆ ಹೊಂದುತ್ತದೆ, ನೆಲದಡಿಯ ಕೊಳವೆಗೂ ಹೊಂದುತ್ತದೆ, ಯಾಕೆಂದರೆ ಅಲ್ಲಿ ಲೋಹವನ್ನು ಸುತ್ತುವರಿದ ಉಪ್ಪುನೀರು ಅಥವಾ ಒದ್ದೆ ಮಣ್ಣು ವಿದ್ಯುತ್ತಿನ ಮಂಡಲವನ್ನು ಪೂರ್ತಿ ಮಾಡುತ್ತದೆ. ಗಾಳಿಯಲ್ಲಿ ನಿಂತ ಕಾರಿಗೆ ಅಂಥ ಕಡಲು ಎಲ್ಲಿದೆ?

ಕಾರು ನಿಲ್ಲುವ ಜಾಗದ ಗಾಳಿಯೂ ಮುಖ್ಯ. ಶುದ್ಧ ಉಕ್ಕಿನ ತುಕ್ಕು ಸುಮಾರು ಶೇಕಡಾ 60 ತೇವಾಂಶ ದಾಟಿದ ಮೇಲೆ ಥಟ್ಟನೆ ಏರುತ್ತದೆಂದು ವಿಜ್ಞಾನಿ ಡಬ್ಲ್ಯು. ಎಚ್. ಜೆ. ವೆರ್ನನ್ ಸುಮಾರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಒಂದು ಪುಟ್ಟ ಡಿಹ್ಯುಮಿಡಿಫೈಯರ್ ಗ್ಯಾರೇಜಿನ ತೇವವನ್ನು 50ರ ಆಸುಪಾಸಿಗೆ ಇಳಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ. ಒದ್ದೆ ಕಾರನ್ನು ಬೆಚ್ಚಗಿನ, ಗಾಳಿಯಾಡದ ಕೋಣೆಗೆ ನುಗ್ಗಿಸುವುದಾಗಲಿ, ಪ್ಲಾಸ್ಟಿಕ್ ಹೊದಿಸುವುದಾಗಲಿ ಬೇಡ, ಬಿಸಿ ಹೆಚ್ಚಿದಷ್ಟೂ ತುಕ್ಕಿನ ವೇಗವೂ ಹೆಚ್ಚು.

ಮೇಣ ಹಾಕಿ ಎರಡು ದಿನವಾದ ಮೇಲೆ ಮೇಷ್ಟ್ರು ಅದೇ ಸೈಕಲ್ ಕಡ್ಡಿ ಹಿಡಿದು ಮತ್ತೆ ಕಾರಿನಡಿ ಮಲಗಿದರು. ಕೆಳಗಿಳಿದ ಮೇಣ ಕಂಬಗಳ ಬುಡದ ತೂತುಗಳಲ್ಲಿ ಹೆಪ್ಪುಗಟ್ಟಿ, ಕೆಸರು ಮಾಡಿದ್ದನ್ನೇ ತಾನೂ ಮಾಡುತ್ತದೆ. ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಚುಚ್ಚಿ, ಮೇಲಿನಿಂದ ನಾನು ಚೊಂಬಿನಲ್ಲಿ ಹೊಯ್ದ ನೀರು ಇಳಿದು ಬರುವುದನ್ನು ಕೈಯೊಡ್ಡಿ ನೋಡಿದರು. ತಿಳಿನೀರೇ ಬಂತು. ಕಡ್ಡಿಯನ್ನು ಒರೆಸಿ ಕಾರಿನ ಡಿಕ್ಕಿಯಲ್ಲಿ ಜಾಕ್ ಪಕ್ಕ ಇಟ್ಟರು. ಪ್ರತಿ ಅಕ್ಟೋಬರಿನಲ್ಲಿ ರಸ್ತೆಗೆ ಉಪ್ಪು ಬೀಳುವ ಮುಂಚೆ ಅದು ಹೊರಗೆ ಬರುತ್ತದೆ.